ಬಳೆಚೂರಿನ ನೆಲ

"ಅದರ ತಂಟೆಗೆ ಹೋಗಬ್ಯಾಡ ತಲ್ಲೀ. ಅದರ ಬಾಯಿ ತೆಗೆದೋರ ಕಣ್ಣು ಹೋಗ್ತವೆ."

ಹೀಗೆ ಹೇಳಿದವಳು ನೇರಳಪಲ್ಲಿಯ ಚಿಕ್ಕವೆಂಕಟಮ್ಮ. ಮಾವಿನ ತೋಪಿನ ಬೇಲಿಯಾಚೆ ನಿಂತು, ಒಳಗೆ ಒಂದು ಕಾಲನ್ನೂ ಇಡದೆ, ಕೋಲನ್ನಷ್ಟೇ ಚಾಚಿ ಸೂರಿಲ್ಲದ ಹಳೆಯ ಕೊಟ್ಟಿಗೆಯ ಮೂಲೆಯನ್ನು ತೋರಿಸಿದ್ದಳು. ಅಲ್ಲಿ ಕತ್ತಿನವರೆಗೆ ಹೂತ ಒಂದು ದೊಡ್ಡ ಮಣ್ಣಿನ ಗುಡಾಣವಿತ್ತು. ಬಾಯಿಗೆ ಚಪ್ಪಡಿ ಮುಚ್ಚಿ, ಸುತ್ತ ಗಾರೆ ಮೆತ್ತಿ, ಗಾರೆಯ ತುಂಬಾ ಕಬ್ಬಿಣದ ಮೊಳೆ ಬಡಿದಿದ್ದರು. ತೋಪಿನಲ್ಲೆಲ್ಲ ಗಿಳಿಗಳ ಗಲಾಟೆಯಿದ್ದರೂ ಆ ಕೊಟ್ಟಿಗೆಯ ಮೇಲೆ ಬಾಗಿದ ಕೊಂಬೆಯಲ್ಲಿ ಮಾತ್ರ ಒಂದು ಹಕ್ಕಿಯೂ ಕೂರುತ್ತಿರಲಿಲ್ಲ.

ಮೃದುಲಾ ನಕ್ಕಳು. "ಅಜ್ಜಿ, ಒಳಗೆ ದೆವ್ವ ಗಿವ್ವ ಇದ್ರೆ ಹೆದರ್ಕೋಬೇಡಿ. ಅದಕ್ಕೂ ಒಂದು ಒಳ್ಳೆ ರೂಮು ಹಾಕಿ ಕೊಡ್ತೀನಿ. ಗಾಳಿ ಬೆಳಕು ಎಲ್ಲಾ ಬರೋ ಹಾಗೆ."

ಗಾರೆ ಕೆಲಸದವರು ಕಿಸಕ್ಕೆಂದರು. ಮುದುಕಿ ನಗಲಿಲ್ಲ. "ಹಾಕು. ನಿನ್ನ ಕೈಯಾರೆ ಹಾಕಿ ಕೊಡು," ಎಂದು ನೆಲಕ್ಕೆ ಉಗಿದು, ಕೋಲೂರಿಕೊಂಡು ಹೊರಟುಹೋದಳು.

ಮುಳಬಾಗಿಲಿನ ಲೆಕ್ಕಪತ್ರ ಬರೆಯುವವರ ಮನೆಯ ಹುಡುಗಿ ಮೃದುಲಾ. ಕಟ್ಟಡದ ವಿನ್ಯಾಸ ಓದಿ, ಹತ್ತಾರು ಕಡೆ ಬೇರೆಯವರ ಕೈಕೆಳಗೆ ದುಡಿದು, ಈಗ ಸ್ವಂತ ಹೆಸರಿನಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಇದು. ಅವಳ ಆಸ್ತಿಯೆಂದರೆ ಅವಳ ಕಣ್ಣು. ಗೋಡೆ ಬೆರಳಿನಷ್ಟು ವಾಲಿದ್ದರೂ ತೂಗುಗುಂಡು ಬಿಡದೆ ದೂರದಿಂದಲೇ ಹೇಳಿಬಿಡುತ್ತಿದ್ದಳು. ಮೇಸ್ತ್ರಿಗಳು ಟೇಪು ಹಿಡಿದು ಪರೀಕ್ಷೆ ಮಾಡಿ ಸೋತು ಸುಮ್ಮನಾಗಿದ್ದರು. ಆ ಕಣ್ಣಳತೆಯ ಬಗ್ಗೆ ಅವಳಿಗೆ ಜಂಬವಿತ್ತು, ಮತ್ತು ಆ ಜಂಬ ನ್ಯಾಯವಾದದ್ದೇ. ಅಂಥವಳಿಗೆ ಕಣ್ಣು ಹೋಗುತ್ತದೆ ಎಂದರೆ ನಗು ಬಾರದೆ ಇನ್ನೇನು?

ತೋಪಿನ ಯಜಮಾನ ಮುನಿಕೃಷ್ಣಪ್ಪ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟು ಬೆಳೆದ ಕುಟುಂಬ. ಈಗ ಮಾವು ಮತ್ತು ದ್ರಾಕ್ಷಿಯ ವೈನ್ ಮಾಡುವ ವೈನರಿ ಕಟ್ಟುವ ಆಸೆ. ಉಕ್ಕಿನ ಟ್ಯಾಂಕುಗಳು, ಗಾಜಿನ ಗೋಡೆ, ಬಂದವರು ಕೂತು ರುಚಿ ನೋಡಲು ಒಂದು ದೊಡ್ಡ ಹಜಾರ, ಎಲ್ಲವೂ ಹೊಸದಾಗಿರಬೇಕು.

"ಆದ್ರೆ ನಮ್ಮ ಮನೆತನ ಅದರಲ್ಲಿ ಕಾಣಬೇಕು ಮೇಡಂ," ಎಂದಿದ್ದ ಆತ, ದಪ್ಪ ಕನ್ನಡಕದ ಹಿಂದಿನಿಂದ ಕಣ್ಣು ಕಿರಿದು ಮಾಡಿ. "ನಮ್ಮಪ್ಪ ದೊಡ್ಡವೆಂಕಟಪ್ಪನೋರು ಬೆಲ್ಲ ಇಡ್ತಿದ್ದ ಕೊಟ್ಟಿಗೆ ಇದು. ಇದನ್ನ ಕೆಡವಬೇಡಿ. ಇದನ್ನೇ ಒಳಗೆ ಸೇರಿಸ್ಕೊಳ್ಳಿ. ಆ ಗುಡಾಣ ಇದೆಯಲ್ಲ, ಅದನ್ನ ನೀವೇ ತೆಗೀಬೇಕು. ಓದಿದೋರ ಕೈ, ಒಳ್ಳೆ ಕೈ."

ಮನೆತನ, ಪರಂಪರೆ! ಈ ಮಾತು ಕೇಳಿ ಮೃದುಲಾ ಅಂದು ಉಬ್ಬಿಹೋಗಿದ್ದಳು. ಈಗ ಯಾರಾದರೂ ಅದೇ ಮಾತು ಆಡಿದರೆ ಅವಳ ಮೈಯೆಲ್ಲ ಉರಿಯುತ್ತದೆ.

ಗುಡಾಣ ತೆಗೆಯುವ ಬೆಳಿಗ್ಗೆ ಮುನಿಕೃಷ್ಣಪ್ಪ ಅರಿಶಿನ ಕುಂಕುಮದ ತಟ್ಟೆ ಕಳಿಸಿದ. ತಾನು ಮಾತ್ರ ಬರಲಿಲ್ಲ. ದೂರದ ಮಲಗೋವಾ ಮರದಡಿ ಕುರ್ಚಿ ಹಾಕಿಸಿಕೊಂಡು, ಗಂಡುಮಕ್ಕಳಿಬ್ಬರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡು ಕೂತಿದ್ದ. ಲಕ್ಕೂರಿನಿಂದ ಬಂದ ಮೊಸಾಯಿಕ್ ಮೇಸ್ತ್ರಿ ಮುನಿಶಾಮಿ ಸುತ್ತಿಗೆಯನ್ನು ಕೆಳಗಿಟ್ಟು ಹಿಂದೆ ಸರಿದ. "ನಾನು ಹೊಡೆಯಲ್ಲ ಮೇಡಂ. ಮಕ್ಕಳೊಂದಿಗ."

"ಥೂ, ಎಂಥ ಗಂಡಸರಯ್ಯಾ ನೀವು!" ಮೃದುಲಾ ತಾನೇ ಸುತ್ತಿಗೆ ಎತ್ತಿಕೊಂಡಳು. ಎರಡು ಏಟಿಗೆ ಗಾರೆ ಬಿರಿಯಿತು. ಚಪ್ಪಡಿ ಸರಿಯಿತು.

ಮೊದಲು ವಾಸನೆ ಬಂತು. ಹುಳಿತ ಬೆಲ್ಲ, ಕೊಳೆತ ಜಾಲಿ ಚಕ್ಕೆ, ಅದರ ಹಿಂದೆ ಮೂಗನ್ನು ಕೊರೆಯುವ ಸ್ಪಿರಿಟ್ಟಿನ ಘಾಟು. ನಲವತ್ತು ವರ್ಷ ಮುಚ್ಚಿಟ್ಟ ಗಾಳಿ ಅವಳ ಮುಖಕ್ಕೇ ಹೊಡೆದು ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು ಬಗ್ಗಿ ನೋಡಿದಳು. ಒಳಗೆ ಕಪ್ಪು ಮಣ್ಣು, ಮಣ್ಣಿನ ತುಂಬಾ ಗಾಜಿನ ಬಳೆಯ ಚೂರುಗಳು. ಹಸಿರು, ಕೆಂಪು, ಅಲ್ಲೊಂದು ಇಲ್ಲೊಂದು ಹಳದಿ. ಬಿಸಿಲು ಬಿದ್ದೊಡನೆ ಅವೆಲ್ಲ ಒಟ್ಟಿಗೆ ಮಿನುಗಿದವು. ಕೈ ಹಾಕಿ ಬೊಗಸೆ ತುಂಬಾ ಎತ್ತಿದಾಗ ಗಲ್ ಎಂದು ಸದ್ದಾಯಿತು.

"ಎಷ್ಟು ಚೆನ್ನಾಗಿವೆ!" ಎಂದಳು.

ಮುನಿಕೃಷ್ಣಪ್ಪನನ್ನು ಹೋಗಿ ಕೇಳಿದರೆ ಆತ ಒಂದು ಗಳಿಗೆ ಉಗುಳು ನುಂಗಿಕೊಂಡು, ಆಮೇಲೆ ನಕ್ಕ. "ನಮ್ಮಮ್ಮ ಊರಿನ ಮದುಮಕ್ಕಳಿಗೆಲ್ಲ ಬಳೆ ತೊಡಿಸ್ತಿದ್ದರು ಮೇಡಂ. ಒಡೆದದ್ದನ್ನ ಬಿಸಾಕಬಾರದು ಅಂತ ಇಟ್ಟಿರಬೇಕು."

ಮೃದುಲಾಗೆ ಅಷ್ಟೇ ಸಾಕಾಯಿತು. ಅಂದು ಸಂಜೆಯೊಳಗೆ ನಕ್ಷೆ ಬದಲಾಯಿತು. ಹಜಾರದ ನೆಲಕ್ಕೆ ಗ್ರಾನೈಟ್ ಬೇಡ, ಬಿಳಿ ಸಿಮೆಂಟಿನಲ್ಲಿ ಈ ಬಳೆಚೂರುಗಳನ್ನೇ ಬೆರೆಸಿ ಮೊಸಾಯಿಕ್ ಹಾಕೋಣ. ಊರಿನ ಮದುಮಕ್ಕಳ ಬಳೆಗಳ ಮೇಲೆ ನಡೆದು ಬಂದು ಜನ ವೈನ್ ಕುಡಿಯಲಿ. ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಪಾಪದ ಹುಡುಗಿ, ಹೀಗೆ ಅಂದುಕೊಂಡು ಆ ದಿನ ಹೊಟ್ಟೆ ತುಂಬಾ ಉಂಡು ಮಲಗಿದಳು.

ನೆಲ ಹಾಕಿದರು. ಹೊಸಿಲ ಬಳಿ ಒಂದು ಬಾಗಿಲಗಲದ ಜಾಗ ಬಿಟ್ಟು ಮಿಕ್ಕದ್ದೆಲ್ಲ ತುಂಬಿತು. ಮುನಿಶಾಮಿ ಪಾಲಿಷ್ ಮಷೀನ್ ಓಡಿಸಿದಾಗ ಬಿಳಿ ನೆಲದೊಳಗಿನಿಂದ ಹಸಿರು ಕೆಂಪು ಚೂರುಗಳು ಎದ್ದುಬಂದವು. ನೋಡಿದವರೆಲ್ಲ ಹೊಗಳಿದರು. ಆದರೆ ಮಷೀನ್ ನಿಂತ ಮೇಲೂ ಹಜಾರದಲ್ಲಿ ಸಣ್ಣಗೆ ಗಲಗಲ ಎನ್ನುತ್ತಿತ್ತು, ಕೈತುಂಬ ಬಳೆ ತೊಟ್ಟವರು ಪಕ್ಕದ ಕೋಣೆಯಲ್ಲಿ ಏನೋ ಕೆಲಸ ಮಾಡುತ್ತಿರುವ ಹಾಗೆ. ಹೊಸ ಪೈಪುಗಳ ಸದ್ದಿರಬೇಕು ಎಂದಳು ಮೃದುಲಾ. ಸಿಮೆಂಟ್ ಒಣಗಿದರೂ ಸಾರಾಯಿಯ ಘಾಟು ಹೋಗಲಿಲ್ಲ. ಅದಕ್ಕೂ ಅವಳ ಬಳಿ ಒಂದು ವಿವರಣೆ ಇತ್ತು.

ವಿವರಣೆ ಸಿಗದಿದ್ದುದು ಎಡಗಣ್ಣಿನ ವಿಷಯಕ್ಕೆ. ಮೊದಲು ಅಂಚಿನಲ್ಲಿ ಒಂದು ಬಿಳಿ ಚುಕ್ಕೆ. ಆಮೇಲೆ ಹಾಲು ಚೆಲ್ಲಿದಂತೆ ಅದು ಹರಡಿತು. ಕೋಲಾರದಲ್ಲಿ ತೋರಿಸಿದಳು, ಬೆಂಗಳೂರಿನಲ್ಲಿ ತೋರಿಸಿದಳು. ಬೆಳಕು ಬಿಟ್ಟು, ಹನಿ ಹಾಕಿ, ಯಂತ್ರಕ್ಕೆ ಗಲ್ಲ ಊರಿಸಿ ನೋಡಿದ ವೈದ್ಯರು ಕಣ್ಣಿನಲ್ಲಿ ಏನೂ ದೋಷವಿಲ್ಲ ಎಂದರು. ದೋಷವಿಲ್ಲದ ಕಣ್ಣು ಒಂದು ಬೆಳಿಗ್ಗೆ ಪೂರ್ತಿ ಬೆಳ್ಳಗಾಯಿತು. ಕತ್ತಲೆಯಾಗಿದ್ದರೆ ಕಣ್ಣು ಮುಚ್ಚಿಕೊಂಡಂತಾದರೂ ಇರುತ್ತಿತ್ತು. ಇದು ಮುಚ್ಚಿದರೂ ಹೋಗದ ಬಿಳುಪು.

ಅಂದು ಕೆಲಸದ ಜಾಗಕ್ಕೆ ಬಂದಾಗ ಮುನಿಕೃಷ್ಣಪ್ಪ ಮರದಡಿ ಕೂತು ಪೇಪರ್ ಓದುತ್ತಿದ್ದ. ಕನ್ನಡಕವಿರಲಿಲ್ಲ.

"ಡಾಕ್ಟರೇ ಆಶ್ಚರ್ಯಪಟ್ಟರು ಮೇಡಂ," ಎಂದ ಖುಷಿಯಿಂದ. "ನಮ್ಮಪ್ಪನಿಗೆ ಕಣ್ಣು ಹೋಯ್ತು, ನಮ್ಮಣ್ಣನಿಗೆ ಹೋಯ್ತು. ನನಗೂ ಮಂಜಾಗ್ತಾ ಇತ್ತು. ಈಗ ನೋಡಿ, ಸೂಜಿಗೆ ದಾರ ಬೇಕಾದ್ರೂ ಪೋಣಿಸ್ತೀನಿ. ಯಾಕೆ ಮೇಡಂ, ನಿಮ್ಮ ಕಣ್ಣು ಒಂಥರಾ ಇದೆ?"

ಕೇಳಿದ ಆ ದನಿಯಲ್ಲಿ ಕನಿಕರವಿರಲಿಲ್ಲ. ಸಂತೆಯಲ್ಲಿ ಮುದಿ ಎತ್ತನ್ನು ದಾಟಿಸಿ ಬಂದವನ ನೆಮ್ಮದಿಯಿತ್ತು. ಮೃದುಲಾ ನೇರವಾಗಿ ಚಿಕ್ಕವೆಂಕಟಮ್ಮನ ಮನೆಗೆ ನಡೆದಳು.

ಮುದುಕಿ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಯಾವ ಕಣ್ಣು?" ಎಂದಳು.

"ಎಡಗಣ್ಣು. ನೀವು ಅವತ್ತೇ ಪೂರ್ತಿ ಹೇಳಬಾರದಿತ್ತಾ ಅಜ್ಜಿ?" ಮೃದುಲಾಗೆ ಅಳುವಿಗಿಂತ ಸಿಟ್ಟು ಹೆಚ್ಚಾಗಿತ್ತು.

"ಹೇಳಾಕೇ ಬಂದಿದ್ದೆ. ನೀನು ದೆವ್ವಕ್ಕೆ ರೂಮು ಹಾಕ್ತೀನಿ ಅಂದೆ. ನಗಾಡಿದ್ರಿ ಎಲ್ಲರೂ." ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿದಳು. "ಬೆಲ್ಲದ ಕೊಟ್ಟಿಗೆ ಅಂದನಾ ಆ ನನ್ನ ಮಗ? ಅದು ಭಟ್ಟಿ ಕಣೇ. ಸಾರಾಯಿ ಭಟ್ಟಿ. ಬೆಲ್ಲದ ದುಡ್ಡು ಉಳಿಸಾಕೆ ಅವರಪ್ಪ ಎಲ್ಲಿಂದಲೋ ಸ್ಪಿರಿಟ್ ತಂದು ಆ ಗುಡಾಣಕ್ಕೆ ಬೆರೆಸಿದ. ದೇವರ ಹಬ್ಬ ಅಂತ ನಮ್ಮ ಕೇರಿಯೋರೆಲ್ಲ ಕುಡಿದ್ರು. ಮಾರನೇ ದಿನ ನಮ್ಮ ಯಜಮಾನ ಎದ್ದು, ದೀಪ ಹಚ್ಚೇ, ಏನೂ ಕಾಣ್ತಿಲ್ಲ ಅಂದ. ಹೊತ್ತು ನೆತ್ತಿ ಮೇಲಿತ್ತು. ಎಲ್ಲಾ ಬೆಳ್ಳಗೆ, ಎಲ್ಲಾ ಬೆಳ್ಳಗೆ ಅಂತ ಅಂದ್ಕಂಡೇ ಸತ್ತ. ಕೇರಿ ತುಂಬಾ ಹೆಣ. ಕೇಸೂ ಇಲ್ಲ, ಗೀಸೂ ಇಲ್ಲ. ವಾಂತಿಭೇದಿ ಅಂತ ಬರ್ಕಂಡು ಹೋದ್ರು."

"ಆ ಬಳೆಗಳು?"

"ನಮ್ಮವು. ಗಂಡ ಸತ್ತಾಗ ಕೆರೆ ದಡದಾಗೆ ಒಡೀತಾರಲ್ಲ, ಅವು. ನಾವು ಕೆರೆಗೆ ಹೋಗಲಿಲ್ಲ. ಅವನ ಭಟ್ಟಿಗೇ ಹೋಗಿ, ಅವನ ಗುಡಾಣದ ಅಂಚಿಗೇ ಕೈ ಕುಟ್ಟಿ ಒಡೆದ್ವಿ. ಹೆಣ ಹೂತ ಗುಂಡಿ ಮಣ್ಣು ತಂದು ಸುರಿದ್ವಿ. ಗಡಿಯಾಚೆಯಿಂದ ಒಬ್ಬ ಮಂತ್ರಗಾರ ಬಂದು ಚೇತಬಡಿ ಮಾಟ ಮಾಡಿ ಮೊಳೆ ಬಡಿದ. ಈ ಮನೆ ಗಂಡಸರ ಕಣ್ಣು ಒಂದೊಂದೇ ಹೋಗ್ಲಿ ಅಂತ. ಬ್ಯಾರೆ ಮನೆಯೋರು ಯಾರಾನ ಮುಚ್ಚಳ ತೆಗೆದ್ರೆ ಅವರ ಕೈಗೆ ದಾಟ್ತದೆ ಅಂತಲೂ ಹೇಳಿದ್ದ. ಅದು ಅವನಿಗೆ ಗೊತ್ತು. ಗೊತ್ತಿದ್ದೇ ನಿನ್ನ ಕರೆಸಿದ."

ಮೃದುಲಾಗೆ ಒಂದೊಂದಾಗಿ ನೆನಪಾಯಿತು. ಅರಿಶಿನ ಕುಂಕುಮದ ತಟ್ಟೆ, ಓದಿದೋರ ಕೈ, ಮರದಡಿಯ ಕುರ್ಚಿ. ಅವನಿಗೆ ಬೇಕಾಗಿದ್ದದ್ದು ವಿನ್ಯಾಸವಲ್ಲ, ಒಂದು ಹೊರಗಿನ ಕೈ. ಅವಳ ಓದು, ಅವಳ ಹೆಮ್ಮೆ, ಅವಳು ರಾತ್ರಿ ಹಗಲು ಕೂತು ಬರೆದ ಗೆರೆ, ಎಲ್ಲವನ್ನೂ ಆ ಮನುಷ್ಯ ಕಾಲೊರಸಿನ ಹಾಗೆ ಬಳಸಿಕೊಂಡಿದ್ದ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆ. ಎಷ್ಟೋ ಹೆಂಗಸರು ಮಣಿಕಟ್ಟಿನಲ್ಲಿ ರಕ್ತ ಬರುವಂತೆ ಒಡೆದುಕೊಂಡ ಬಳೆಗಳನ್ನು ಎತ್ತಿ, ಚೆನ್ನಾಗಿವೆ ಎಂದಿದ್ದಳು.

"ಬಲಗಣ್ಣೂ ಹೋಗುತ್ತಾ ಅಜ್ಜಿ?"

"ಮುಚ್ಚಳ ಇಲ್ಲದಿದ್ರೆ ಹೋಗ್ತದೆ." ಚಿಕ್ಕವೆಂಕಟಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಹೊಸದಾಗಿ ಮುಚ್ಚಬಹುದು. ಅದೇ ಬಳೆ, ಅದೇ ಮಣ್ಣಿನಾಗೆ ಸತ್ತೋರ ಹೆಸರು ಕೂರಿಸಿ ಮುಚ್ಚಿದ್ರೆ ಆ ಜೀವಗಳು ಅಲ್ಲೇ ಮಲಗ್ತವೆ. ಹೋದ ಕಣ್ಣು ಬರಲ್ಲ. ಇರೋದು ಉಳೀತದೆ. ಆ ಮುಚ್ಚಳಾನ ಆಮ್ಯಾಕೆ ಯಾರು ಒಡೀತಾರೋ, ಅವರ ಕೈಗೆ."

ಹೊಸಿಲ ಬಳಿ ಬಿಟ್ಟಿದ್ದ ಜಾಗ ಇನ್ನೂ ಹಾಗೇ ಇತ್ತು. ಮೃದುಲಾ ಹಿತ್ತಾಳೆಯ ಪಟ್ಟಿ ತರಿಸಿದಳು. ಮೊಸಾಯಿಕ್ಕಿನಲ್ಲಿ ಗೆರೆ ಎಳೆಯುವ ಪಟ್ಟಿಯನ್ನೇ ಬಗ್ಗಿಸಿ ಮುನಿಶಾಮಿ ಅಕ್ಷರ ಮಾಡಿದ. ಯಾಕೆಂದು ಕೇಳಲಿಲ್ಲ, ಅವಳ ಬಿಳಿಗಣ್ಣನ್ನು ನೋಡಿಯೇ ಅರ್ಥ ಮಾಡಿಕೊಂಡಿದ್ದ. ಮುನಿಕೃಷ್ಣಪ್ಪ ತಿರುಪತಿಗೆ ಹೋಗಿದ್ದ ದಿನ ನೋಡಿ, ಚಿಕ್ಕವೆಂಕಟಮ್ಮ ನಲವತ್ತು ವರ್ಷಗಳಲ್ಲಿ ಮೊದಲ ಸಲ ಬೇಲಿ ದಾಟಿ ಒಳಗೆ ಬಂದಳು. ನೆಲದ ಮೇಲೆ ಕೂತು ಒಂದೊಂದೇ ಹೆಸರು ಹೇಳಿದಳು. ಪಿಳ್ಳಪ್ಪ. ಕದಿರಪ್ಪ. ಗಂಗುಲಪ್ಪ. ಕೇರಿಯ ಹೆಸರುಗಳೆಲ್ಲ ಬಂದವು. ಕೊನೆಯದೊಂದು ಮಾತ್ರ ಬರಲಿಲ್ಲ.

"ನಮ್ಮ ಯಜಮಾನಂದು," ಎಂದು ನಿಲ್ಲಿಸಿದಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು. ಇದ್ದಾಗಲೂ ಹೇಳಿರಲಿಲ್ಲ, ಹೋದ ಮೇಲೂ ಹೇಳಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತೆಗೆದಳು. "ಮುನಿವೆಂಕಟಪ್ಪ," ಎಂದು ಜೋರಾಗಿ, ಯಾರನ್ನೋ ಬಯ್ಯುವ ಹಾಗೆ ಹೇಳಿದಳು. ಹಜಾರದ ಗಲಗಲ ಸದ್ದು ಥಟ್ಟನೆ ನಿಂತಿತು. ಮುದುಕಿ ಗುಡಾಣದ ತಳದ ಮಣ್ಣನ್ನೂ ಉಳಿದ ಬಳೆಚೂರನ್ನೂ ಸಿಮೆಂಟಿಗೆ ತಾನೇ ಕಲಸಿ ಹೆಸರುಗಳ ನಡುವೆ ತುಂಬಿದಳು. ಅಷ್ಟರಲ್ಲಿ ಮೃದುಲಾಳ ಬಲಗಣ್ಣಿನ ಅಂಚಿನಲ್ಲೂ ಹುಟ್ಟಿದ್ದ ಬಿಳಿ ಚುಕ್ಕೆ ಅಂದಿನಿಂದ ಬೆಳೆಯಲಿಲ್ಲ.

"ಅವನಿಗೆ ಇದನ್ನ ಹೇಳೋದು ಬಿಡೋದು ನಿನಗೆ ಸೇರಿದ್ದು," ಎಂದು ಚಿಕ್ಕವೆಂಕಟಮ್ಮ ಕೈ ತೊಳೆದಳು.

ಉದ್ಘಾಟನೆಯ ಬೆಳಿಗ್ಗೆ ತೋಪೆಲ್ಲ ಮಾವಿನ ಘಮ. ಬಾಗಿಲಿಗೆ ತೋರಣ, ಒಳಗೆ ಸಾಲಾಗಿ ಗಾಜಿನ ಲೋಟಗಳು. ಅಲ್ಲಿಯವರೆಗೆ ಗೋಣಿತಾಟು ಮುಚ್ಚಿದ್ದ ಹೊಸಿಲ ಬಳಿಯ ನೆಲದ ಮೇಲೆ ಈಗ ಹೂವಿನ ಹಾಸು ಹಾಕಿದ್ದರು. ರೇಷ್ಮೆ ಪಂಚೆಯಲ್ಲಿ ಬಂದ ಮುನಿಕೃಷ್ಣಪ್ಪ, ಬಲಗಾಲಿಟ್ಟು ಒಳಗೆ ಬರುತ್ತ ಹೂವನ್ನು ಕಾಲಿನಿಂದ ಸರಿಸಿದ. ನಿಂತ. ಬಗ್ಗಿದ. ಕನ್ನಡಕವಿಲ್ಲದ ಹೊಸ ಕಣ್ಣಿನಿಂದ ಚೆನ್ನಾಗಿಯೇ ಓದಿದ.

"ಯಾವಳೇ ಇದನ್ನ ಬರೆಸಿದ್ದು?"

"ನಾನು," ಎಂದಳು ಮೃದುಲಾ. "ಮನೆತನ ಕಾಣಬೇಕು ಅಂದಿರಲ್ಲ. ಕಾಣ್ತಾ ಇದೆ."

ಬಗ್ಗಿದ್ದವನು ನೆಟ್ಟಗಾದ. "ನನ್ನ ದುಡ್ಡಲ್ಲಿ, ನನ್ನ ನೆಲದಲ್ಲಿ, ಕೇರಿಯೋರ ಹೆಸರಾ? ಲೇ ಮುನಿಶಾಮಿ, ಮಷೀನ್ ತಗೊಂಡು ಉಜ್ಜಿ ಹಾಕೋ. ಜನ ಬರ್ತಾ ಅವ್ರೆ."

ಮುನಿಶಾಮಿ ಕೈ ಕಟ್ಟಿಕೊಂಡು ನಿಂತ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತೋಪಿನ ದಾರಿಯಲ್ಲಿ ಕಾರುಗಳ ಹಾರ್ನ್ ಕೇಳಿಸಿತು.

"ಥೂ ನಿಮ್ಮ!" ಮುನಿಕೃಷ್ಣಪ್ಪ ಪಂಚೆ ಎತ್ತಿಕಟ್ಟಿ ಮೂಲೆಯಲ್ಲಿದ್ದ ಗ್ರೈಂಡರನ್ನು ತಾನೇ ಎತ್ತಿಕೊಂಡ. ಮೃದುಲಾಳತ್ತ ತಿರುಗಿ ಹಲ್ಲು ಬಿಟ್ಟ. "ಇದು ಈಗ ನಿಂದು ಕಣಮ್ಮ. ನನಗೇನು ಮಾಡುತ್ತೆ? ಇನ್ನೊಂದು ಕಣ್ಣು ಇರೋವಾಗಲೇ ಮನೆ ಸೇರ್ಕೋ."

ಒಂದು ಮಾತು ಸಾಕಿತ್ತು. ಮುಚ್ಚಳ ಹೊಸದು, ಒಡೀಬೇಡಿ ಎಂದರೆ ಸಾಕಿತ್ತು. ಆತ ನಂಬುತ್ತಿದ್ದ, ಈ ಊರಿನಲ್ಲಿ ಆ ಶಾಪವನ್ನು ಅವನಷ್ಟು ನಂಬಿದವನು ಬೇರೆ ಯಾರೂ ಇರಲಿಲ್ಲ. ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಅವಳು ಹಲ್ಲು ಕಚ್ಚಿದಳು.

ಮಷೀನ್ ಕಿರುಚಿತು. ಚಕ್ರ ಹಿತ್ತಾಳೆಗೆ ತಾಗಿತು. ಕಿಡಿ ಹಾರಿತು. ಪಿಳ್ಳಪ್ಪನ ಹೆಸರು ಅರ್ಧ ಹರಿಯಿತು. ವಾಸನೆ ಬಂತು. ಹುಳಿತ ಬೆಲ್ಲ. ಸ್ಪಿರಿಟ್. ಇಡೀ ಹಜಾರ ಘಾಟಾಯಿತು. ಗಲ್. ಗಲಗಲ. ನೆಲದ ಒಳಗಿಂದ. ಗೋಡೆಯ ಬುಡದಿಂದ. ಸಾಲಿನ ಲೋಟಗಳು ನಡುಗಿದವು. ಒಂದು ಬಿತ್ತು. ಎಲ್ಲವೂ ಬಿದ್ದವು. ಆತ ನಿಲ್ಲಿಸಲು ಗುಂಡಿ ಒತ್ತಿದ. ನಿಲ್ಲಲಿಲ್ಲ. ಕೈ ಬಿಡಲು ನೋಡಿದ. ಬಿಡಲಾಗಲಿಲ್ಲ. ಹಸಿರು ಪುಡಿ ಎದ್ದಿತು. ಕೆಂಪು ಪುಡಿ ಎದ್ದಿತು. ಅದು ಕೆಳಗೆ ಬೀಳಲಿಲ್ಲ. ಮೇಲಕ್ಕೆ ಬಂತು. ಅವನ ಮುಖದ ಎತ್ತರಕ್ಕೆ ಬಂದು ನಿಂತಿತು. ಕಣ್ಣೊಳಗೆ ಹೋಯಿತು.

ಮುನಿಶಾಮಿ ಓಡಿಹೋಗಿ ವೈರ್ ಕಿತ್ತ.

ನಿಶ್ಶಬ್ದದಲ್ಲಿ ಮುನಿಕೃಷ್ಣಪ್ಪ ಮಂಡಿಯೂರಿ ಕೂತಿದ್ದ. ಗಾಜಿನ ಗೋಡೆಯ ತುಂಬಾ ಹತ್ತು ಗಂಟೆಯ ಬಿಸಿಲು ಬಂದು ಅವನ ಮುಖದ ಮೇಲೆ ಬಿದ್ದಿತ್ತು. ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದ.

"ಲೈಟು ಹಾಕ್ರೋ," ಎಂದ. "ಯಾರು ಲೈಟ್ ಆರಿಸಿದ್ದು? ಎಲ್ಲಾ ಬೆಳ್ಳಗೆ ಆಗೋಯ್ತಲ್ಲೋ."

ಸಿಮೆಂಟ್ ಪುಡಿ ಕಣ್ಣಿಗೆ ಬಿದ್ದು ಹೀಗಾಯಿತು ಎಂದು ಮಕ್ಕಳು ಊರಿಗೆಲ್ಲ ಹೇಳಿದರು. ಆದರೆ ಹರಿದ ಹೆಸರನ್ನು ಮತ್ತೆ ಕೂರಿಸಿ ಮುಚ್ಚಲು ಚಿಕ್ಕವೆಂಕಟಮ್ಮನನ್ನು ಕರೆದುಕೊಂಡು ಬರಲು ಕಾರು ಕಳಿಸಿದವರೂ ಅವರೇ. ವೈನರಿ ತಡವಾಗಿ ಬಾಗಿಲು ತೆರೆಯಿತು. ಬಂದವರು ಹೊಸಿಲಲ್ಲಿ ನಿಂತು ಹೆಸರುಗಳನ್ನು ಓದಿ, ಯಾರಿವರು ಎಂದು ಕೇಳುತ್ತಾರೆ. ಮಕ್ಕಳು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರೆ. ಹೇಳದಿದ್ದ ದಿನ ನೆಲ ಗಲಗಲ ಎನ್ನುತ್ತದಂತೆ.

ಮೃದುಲಾಳ ಎಡಗಣ್ಣು ಬರಲಿಲ್ಲ. ಒಂದೇ ಕಣ್ಣಿಗೆ ದೂರ ಹತ್ತಿರಗಳ ಅಂದಾಜು ಸಿಗುವುದಿಲ್ಲ. ಗೋಡೆ ವಾಲಿದೆಯೋ ನೆಟ್ಟಗಿದೆಯೋ ತಿಳಿಯದೆ ಈಗ ಅವಳೂ ಎಲ್ಲರಂತೆ ತೂಗುಗುಂಡು ಬಿಡುತ್ತಾಳೆ. ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ಒಮ್ಮೊಮ್ಮೆ ಚಿಕ್ಕವೆಂಕಟಮ್ಮನ ಜಗುಲಿಯಲ್ಲಿ ಕೂರುತ್ತಾಳೆ.

"ಅವತ್ತು ನಾನು ಬಾಯಿ ಬಿಡಬಹುದಿತ್ತು ಅಜ್ಜಿ," ಎಂದಳು ಒಂದು ದಿನ. "ಬಿಡಲಿಲ್ಲ. ತಪ್ಪು ಅಂತಲೂ ಅನ್ನಿಸ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ."

"ನಂದೂ ಇಳಿದಿಲ್ಲ," ಎಂದು ಮುದುಕಿ ಮಜ್ಜಿಗೆಯ ಲೋಟ ಚಾಚಿದಳು.

ಮೃದುಲಾ ಕೈ ನೀಡಿದಳು. ಬೆರಳುಗಳು ಲೋಟಕ್ಕಿಂತ ಒಂದು ಗೇಣು ಈಚೆಗೇ ಗಾಳಿಯಲ್ಲಿ ಮುಚ್ಚಿಕೊಂಡವು. ಚಿಕ್ಕವೆಂಕಟಮ್ಮ ಅವಳ ಮಣಿಕಟ್ಟು ಹಿಡಿದು ಲೋಟವನ್ನು ಅಂಗೈಗೆ ಒತ್ತಿದಳು.